ಗಲಗಲ ಎನ್ನುವ ದೀಪ

ಹಣೆಗೆ ಕಟ್ಟಿಕೊಳ್ಳುವ ದೀಪ ಸಣ್ಣ ವಸ್ತು. ಒಂದು ಪಟ್ಟಿ, ಒಂದು ಎಲ್‌ಇಡಿ, ಒಂದು ಗುಂಡಿ. ಅದನ್ನು ಆರಿಸಿಕೊಳ್ಳಲು ಒಂದು ಹಣೆ ಬೇಕು. ಆ ಹಣೆ ಕಟ್ಟಿಕೊಳ್ಳುವವರದ್ದೇ ಆಗಿದ್ದರೆ ಇನ್ನೂ ಒಳ್ಳೆಯದು. ಇಷ್ಟು ಸರಳ ಸಂಗತಿಯನ್ನು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಗಂಡಸರು ಕೂಡಿಕೊಂಡು ಅರಣ್ಯ ಕಚೇರಿಯ ಮೆಟ್ಟಿಲು ಹತ್ತಿಸಿದ್ದು ಹೇಗೆ ಎನ್ನುವುದನ್ನು ಶಾಂತವಾಗಿ ಹೇಳಬೇಕೆಂದುಕೊಂಡಿದ್ದೇನೆ. ಶಾಂತಿ ಎಲ್ಲಿಯವರೆಗೆ ತಾಳುತ್ತದೋ ಅಲ್ಲಿಯವರೆಗೆ.

ಹಾವೇರಿಯ ನಮ್ಮ ಕಾಲೇಜಿನ ಐವರು ಅಧ್ಯಾಪಕಿಯರು ರಾಣೇಬೆನ್ನೂರಿನ ಆಚೆಯ ಗುಡ್ಡವೊಂದನ್ನು ಕತ್ತಲಾಗುವಾಗ ಹತ್ತಿ, ಮೇಲೆ ಡೇರೆ ಹಾಕಿ, ನಕ್ಷತ್ರ ನೋಡಿ, ಬೆಳಿಗ್ಗೆ ಇಳಿದು ಬರುವುದೆಂದು ನಿಶ್ಚಯವಾಗಿತ್ತು. ಮುಂದಾಳು ನಮ್ಮ ದೈಹಿಕ ಶಿಕ್ಷಣದ ಕಾವೇರಿ ಮೇಡಂ. ಅನುಮತಿ ಕೇಳಿ ಅರಣ್ಯ ಕಚೇರಿಗೆ ಅರ್ಜಿಯೂ ಹೋಗಿತ್ತು. ಮದುವೆಯಾದ ಮೇಲೆ ನಾನು ಮನೆಯ ಹೊರಗೆ ರಾತ್ರಿ ಕಳೆದದ್ದು ಹೆರಿಗೆ ಆಸ್ಪತ್ರೆಯಲ್ಲಿ ಮಾತ್ರ. ಅಲ್ಲಿಯೂ ಅತ್ತೆ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದರು. ಆದ್ದರಿಂದ ಆ ಗುಡ್ಡ ನನಗೆ ಬೇಕೇ ಬೇಕಾಗಿತ್ತು.

"ಮುನ್ನೂರು ಲ್ಯೂಮೆನ್ ಸಾಕ್ರಿ," ಎಂದಿದ್ದರು ಕಾವೇರಿ ಮೇಡಂ. "ಹಗುರ ಇರ್ಲಿ. ಮಳಿ ಹನಿ ಬಿದ್ರ ಕೆಡಬಾರ್ದು. ಕೆಂಪು ಲೈಟ್ ಇರಬೇಕು, ಇಲ್ಲಂದ್ರ ಒಬ್ಬರ ಬೆಳಕಿಗೆ ಇನ್ನೊಬ್ಬರ ಕಣ್ಣು ಕತ್ತಲಗಟ್ಟತಾವು. ಒಂದ್ ಜೋಡಿ ಸೆಲ್ ಹೆಚ್ಚಿಗಿ ಇಟ್ಕೊಳ್ರಿ, ಮುಗೀತು."

ಅಂಥದ್ದೇ ಒಂದನ್ನು ಫೋನಿನಲ್ಲಿ ಹುಡುಕಿ, ಕೊಳ್ಳುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ನಮ್ಮ ಮನೆಯವರು, "ತಡಿ," ಎಂದರು.

ನಮ್ಮ ಮನೆಯವರ ಹೆಸರು ದುರುಗೇಶ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಾಲೇಶಪ್ಪನವರ ದಲಾಲಿ ಅಂಗಡಿಯಲ್ಲಿ ಮಾಲು ನೋಡುವ ಕೆಲಸ. ಮೆಣಸಿನಕಾಯಿಯನ್ನು ಹಿಡಿದು, ಹಿಚುಕಿ, ಮೂಸಿ, ಕೊನೆಗೆ ಕಿವಿಯ ಹತ್ತಿರ ಅಲುಗಾಡಿಸುತ್ತಾರೆ. ಒಳಗಿನ ಬೀಜ ಗಲಗಲ ಎಂದರೆ ಚೆನ್ನಾಗಿ ಒಣಗಿದ ಮಾಲು. ಎನ್ನದಿದ್ದರೆ ಹಸಿ, ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಈ ವಿದ್ಯೆಯಲ್ಲಿ ಅವರಿಗೆ ಈವರೆಗೆ ಯಾರೂ ಮೋಸ ಮಾಡಿಲ್ಲ. ಉಳಿದೆಲ್ಲದರಲ್ಲಿ ಎಲ್ಲರೂ ಮಾಡಿದ್ದಾರೆ. ಕಷ್ಟವೆಂದರೆ, ಉಳಿದೆಲ್ಲವನ್ನೂ ಅವರು ಇದೇ ವಿದ್ಯೆಯಿಂದ ಕೊಳ್ಳುತ್ತಾರೆ. ನಮ್ಮ ಕುಕ್ಕರು, ಗೋಡೆ ಗಡಿಯಾರ, ಮಿಕ್ಸರು ಎಲ್ಲವೂ ಅವರ ಕಿವಿಯ ಹತ್ತಿರ ಅಲುಗಾಡಿಯೇ ಮನೆ ಸೇರಿದವು. ನನ್ನನ್ನು ನೋಡಲು ಬಂದಾಗ ಅಲುಗಾಡಿಸಲಿಲ್ಲ ಎನ್ನುವುದೊಂದೇ ಸಮಾಧಾನ.

"ಎಷ್ಟ ಲ್ಯೂಮೆನ್ ಅದು?" ಎಂದು ಕೇಳಿದರು.

"ಮುನ್ನೂರು."

"ಮುನ್ನೂರ? ನಮ್ಮ ಬಚ್ಚಲದ ಬಲ್ಬ್ ಅದಕ್ಕಿಂತ ಜಾಸ್ತಿ ಐತಿ."

"ಬಚ್ಚಲದ ಬಲ್ಬ್ ತಲಿಗೆ ಕಟಗೊಂಡು ಗುಡ್ಡ ಹತ್ತಾಕ ಬರೂದಿಲ್ರಿ. ಹಗುರ ಇರಬೇಕು."

"ನಿನಗ ತಿಳಿಯೂದಿಲ್ಲ ಬಿಡು. ಮಾಲ್ ಮುಟ್ಟಿ ನೋಡದ, ಫೋಟೋ ನೋಡಿ ಯಾರರ ತಗೋತಾರೇನು? ನಾ ತರತೇನಿ."

ಹೊಸ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಚೌಡವ್ವ ತಲೆಯೆತ್ತದೆ ಹೇಳಿದರು, "ಅಮಾಸಿ ಹತ್ರ ಬಂದೈತಿ. ಅಮಾಸಿ ಕತ್ತಲಾಗ ದೆವ್ವ ಸೈತ ಮನಿ ಬಿಟ್ಟು ಹೊರಗ ಬೀಳೂದಿಲ್ಲ."

"ಚಂದ್ರ ಇದ್ರ ನಕ್ಷತ್ರ ಚಲೋ ಕಾಣೂದಿಲ್ರಿ ಅತ್ತಿ. ಅದಕ್ಕ ಅಮಾಸಿ."

"ನಕ್ಷತ್ರ ನಮ್ಮ ಮಾಳಗಿ ಮ್ಯಾಲೂ ಅದಾವು. ಅಲ್ಲೇ ಹೋಗಿ ನೋಡು. ಬರುಮುಂದ ಹಪ್ಪಳ ಎತ್ತಕೊಂಡ ಬಾ."

ಫೋನು ನನ್ನ ಕೈಯಲ್ಲೇ ಇತ್ತು. ಆಗಲೇ ಒತ್ತಬೇಕಾಗಿತ್ತು. ಹಪ್ಪಳ ಎತ್ತಿಕೊಂಡು ಬರಲು ಹೋದೆ.

ಮರುದಿನ ಸಂಜೆ ಅವರು ಬ್ಯಾಡಗಿಯ ಫಿರೋಜ್‌ನ ಎಲೆಕ್ಟ್ರಿಕ್ ಅಂಗಡಿಯಿಂದ ಒಂದು ಚೀಲ ದೀಪ ತಂದರು. ಕೊಂಡದ್ದಲ್ಲ, ನೋಡಲು ತಂದದ್ದು. ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ, ಪೇಟೆಯಲ್ಲಿ ಮಾಲಿನ ರಾಶಿ ಇಡುವ ಹಾಗೆ ದೀಪಗಳನ್ನು ಸಾಲಾಗಿ ಇಟ್ಟರು. ಪೇಟೆಯ ಪದ್ಧತಿಯೆಂದ ಮೇಲೆ ನೋಡುವವರೂ ಬೇಕಲ್ಲ. ಎದುರು ಮನೆಯ ರುದ್ರಮುನಿಯವರು ಬಂದರು. ಅವರು ನಿವೃತ್ತ ಲೈನ್‌ಮನ್. ಕಲ್ಲಂಗಡಿ ಹಣ್ಣು ಕೊಟ್ಟರೂ ವೋಲ್ಟೇಜ್ ಕೇಳುತ್ತಾರೆ. ಅವರ ಹಿಂದೆ ಓಣಿಯ ಇನ್ನಷ್ಟು ಗಂಡಸರು ಬಂದು, ಹೆಣ್ಣು ನೋಡಲು ಬಂದವರ ಗಾಂಭೀರ್ಯದಿಂದ ಕುಳಿತರು.

ಸಾಲಿನ ಮೊದಲಿಗೆ ಸಣ್ಣ ಬಿಳಿ ದೀಪವೊಂದಿತ್ತು. ನಾನು ಫೋನಿನಲ್ಲಿ ನೋಡಿದ್ದೂ ಅಂಥದ್ದೇ. ಮನೆಯವರು ಅದನ್ನು ಕಿವಿಯ ಹತ್ತಿರ ಅಲುಗಾಡಿಸಿದರು. ಅದು ಸುಮ್ಮನಿತ್ತು.

"ಹಸೀದು," ಎಂದು ಪಕ್ಕಕ್ಕೆ ಸರಿಸಿದರು.

"ಅದ ನನಗ ಬೇಕಾದದ್ದು. ಕೊಡ್ರಿ, ಒಮ್ಮೆ ಹಾಕ್ಕೊಂಡ ನೋಡತೇನಿ," ಎಂದೆ.

"ತಡಿ, ಮಾಲ್ ಇನ್ನೂ ಮುಗದಿಲ್ಲ."

ಮಾಲು ಮುಗಿಯುತ್ತ ಬಂದಾಗ ಕಪ್ಪನೆಯ ದೊಡ್ಡದೊಂದು ಕೈಗೆ ಬಂತು. ಹಿಂದೆ ಸೋಪಿನ ಡಬ್ಬಿಯಷ್ಟು ಸೆಲ್‌ಪೆಟ್ಟಿಗೆ. ರಟ್ಟಿನ ಮೇಲೆ ಹತ್ತು ಸಾವಿರ ಲ್ಯೂಮೆನ್ ಎಂದು ಅಚ್ಚಾಗಿತ್ತು. ರಟ್ಟಿನ ಮೇಲೆ ಏನು ಬೇಕಾದರೂ ಅಚ್ಚಾಗುತ್ತದೆ. ಅಲುಗಾಡಿಸಿದರು. ಗಲಗಲ.

ಅವರ ಮುಖ ಅರಳಿದ ರೀತಿಯನ್ನು ನಾನು ನಮ್ಮ ಮದುವೆಯ ಫೋಟೋದಲ್ಲಿ ಹುಡುಕಿದ್ದೇನೆ. ಇಲ್ಲ.

"ಕೇಳ್ರಿ ಇದನ್ನ," ಎಂದು ದೀಪವನ್ನು ರುದ್ರಮುನಿಯವರ ಕಿವಿಗೆ ಹಿಡಿದರು. ಅವರು ಕಣ್ಣುಮುಚ್ಚಿ ಕೇಳಿ, "ಒಳಗ ಮಾಲ್ ತುಂಬೇತಿ. ವೋಲ್ಟೇಜ್ ಎಷ್ಟರಿ?" ಎಂದರು. ದೀಪ ಕಿವಿಯಿಂದ ಕಿವಿಗೆ ಹೋಯಿತು. ಕಟ್ಟೆಯ ಮೇಲಿನ ತಲೆಗಳೆಲ್ಲ ತೂಗಿದವು.

"ದೀಪದೊಳಗ ಗಲಗಲ ಅಂದ್ರ ಒಳಗ ಏನೋ ಸಡ್ಲ ಆಗೇತಿ ಅಂತ ಅರ್ಥ," ಎಂದೆ.

ಅತ್ತೆ ಒಳಗಿನಿಂದ, "ಮಂದಿ ಬಂದಾರ, ಚಾ ಮಾಡವಾ," ಎಂದರು.

ಚಹಾ ಮಾಡಿದೆ. ಸಕ್ಕರೆ ಹಾಕಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ದೀಪವನ್ನು ಕೇಳುತ್ತಿದ್ದರು.

ಆಮೇಲೆ ಮನೆಯವರು ಅದನ್ನು ಮಫ್ಲರಿನ ಮೇಲೆ ಕಟ್ಟಿಕೊಂಡು, ಪಟ್ಟಿಯನ್ನು ತಮ್ಮ ತಲೆಗೆ ಸರಿಮಾಡಿ, ಹಚ್ಚಿದರು. ಬೆಳಕು ಓಣಿ ದಾಟಿ ಆಚೆ ಮನೆಯ ಕಿಟಕಿಯೊಳಗೆ ನುಗ್ಗಿತು. ಊಟಕ್ಕೆ ಕುಳಿತ ಸುಶ್ಮಿತಾಳ ಸಂಸಾರವೆಲ್ಲ ನಾಟಕದ ರಂಗದ ಮೇಲಿದ್ದಂತೆ ಕಂಡಿತು. ಸುಶ್ಮಿತಾ ಕೈಯಲ್ಲಿನ ತುತ್ತು ಹಿಡಿದೇ ಎದ್ದು ಬಂದು, "ಅಣ್ಣಾರ, ನಾವೇನ್ ಉಣ್ಣಾಕತ್ತೇವಿ ಅಂತ ಕೇಳಿದ್ರ ಹೇಳತಿದ್ವಿ," ಎಂದು ಕಿಟಕಿ ಹಾಕಿದಳು. ಆ ಇಡೀ ಸಂಜೆಯಲ್ಲಿ ಒಂದು ದೀಪವೂ ನನ್ನ ಹಣೆಗೆ ಬರಲಿಲ್ಲ. ಗಲಗಲ ಎಂದದ್ದು ಮನೆಯಲ್ಲಿ ಉಳಿಯಿತು, ಬಾಕಿಯವು ಫಿರೋಜ್‌ನ ಅಂಗಡಿಗೆ ವಾಪಸು ಹೋದವು.

ಮುಂದೆ ಫೋನು ಬಂದದ್ದು ಹಾಲೇಶಪ್ಪನವರಿಂದ. ಅದೂ ನಾನು ತರಗತಿಯಿಂದ ಹೊರಬರುವಾಗ.

"ಯವ್ವಾ, ನಿಮ್ಮ ಮನಿಯವ್ರ ತಲಿಗೆ ಏನ್ ಕಟ್ಟಿ ಕಳಿಸೀರಿ?"

"ನಾ ಏನೂ ಕಟ್ಟಿಲ್ರಿ. ಅವರ ಕಟಗೊಂಡ ಹೋಗ್ಯಾರ."

"ಕತ್ತಲ ಗೋದಾಮಿನ್ಯಾಗ ಕೆಂಪು ಲೈಟ್ ಹಚಗೊಂಡ ನೋಡ್ಯಾನ. ಬಣ್ಣ ಹೋದ ಹಳೇ ಮಾಲನ್ನ ಒಂದನೇ ನಂಬರ್ ಡಬ್ಬಿ ಮೆಣಸಿನಕಾಯಿ ಅಂತ ಪ್ಯಾಟಿ ತುಂಬ ಕೂಗ್ಯಾನ. ಖರೀದಿದಾರ್ರು ಓಡಿ ಬಂದ್ರು. ಬಿಸಲಿಗೆ ತಂದು ನೋಡಿದ್ರ ಒಣಹುಲ್ಲಿನ ಬಣ್ಣ. ನನ್ನ ಮಾರಿಗೇ ನಗಾಕತ್ರು."

"ಅದನ್ನ ಅವರಿಗೇ ಹೇಳ್ರಿ."

"ಅಂವಗ ಏನ್ ಹೇಳೂದು. ನೀವು ಓದಿದವರು, ಸ್ವಲ್ಪ ನೋಡಕೋಬೇಕು."

ಮದುವೆಯಾಗಿ ಬಂದ ದಿನದಿಂದ ನಾನು ನೋಡಿಕೊಳ್ಳುತ್ತಲೇ ಇದ್ದೇನೆ. ಕೆಂಪು ಬೆಳಕು ಹಚ್ಚಿದ್ದು ಅವರು, ಕೂಗಿದ್ದು ಅವರು, ಓದಿದ ತಪ್ಪು ಮಾತ್ರ ನನ್ನದು.

ಮನೆಗೆ ಬಂದ ಮನೆಯವರಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. "ಗೋದಾಮು ಇದರ ಜಾಗಾ ಅಲ್ಲ," ಎಂದರು. "ಅಡವ್ಯಾಗ ನೋಡಬೇಕು. ಐತವಾರ ಗೋಣೆಪ್ಪ ಮಾಮಾನ ಹೊಲಕ್ಕ ಹೋಗೂಣು. ನೀನೂ ಬಾ."

ಗೋಣೆಪ್ಪ ಮಾವ ಅತ್ತೆಯ ತಮ್ಮ. ರಾಣೇಬೆನ್ನೂರಿನ ಆಚೆ, ಕೃಷ್ಣಮೃಗಗಳ ಕಾಡಿನ ಅಂಚಿಗೆ ಅವರ ಗೋವಿನಜೋಳದ ಹೊಲ. ಅಲ್ಲಿಯವರು ಆ ಮೃಗಕ್ಕೆ ಚಿಗರಿ ಎನ್ನುತ್ತಾರೆ. ಹೊಲದ ಬದುವಿನಿಂದ ನೋಡಿದರೆ ನಾವು ಹತ್ತಬೇಕಾದ ಗುಡ್ಡ ಎದುರಿಗೇ ಕಾಣುತ್ತದೆ. ಹೊತ್ತು ಮುಳುಗಿತು. ನಾನು ಕೈ ಚಾಚಿ, "ಈಗರ ಕೊಡ್ರಿ. ಹತ್ತಾಕಿ ನಾನು," ಎಂದೆ.

"ಮೊದಲ ನಾ ನೋಡತೇನಿ. ಹಾವು ಗೀವು ಇದ್ರ?"

ಹಾವಿಗೂ ದೀಪ ಕಟ್ಟಿಕೊಂಡವರ ಲಿಂಗಕ್ಕೂ ಏನು ಸಂಬಂಧವೆಂದು ಕೇಳುವಷ್ಟರಲ್ಲಿ ಅವರು ಬದುವಿನ ಮೇಲಿದ್ದರು. ನಿಂತು ಹಚ್ಚಿದಾಗ ಬೆಳಕು ಗುಡ್ಡದ ಬುಡದವರೆಗೆ ಹೋಯಿತು. ಒಂದು ಹೆಜ್ಜೆ ಇಟ್ಟರು. ಆರಿತು. ಇನ್ನೊಂದು ಹೆಜ್ಜೆ, ಹೊತ್ತಿತು. ಹೀಗೆ ಹೊತ್ತುತ್ತ ಆರುತ್ತ ಅವರು ಹೊಲದ ಆ ತುದಿಗೆ ಹೋಗಿ ಈ ತುದಿಗೆ ಬಂದರು.

"ಕೆಟ್ಟೈತಿ ಅದು," ಎಂದೆ.

"ಕೆಟ್ಟಿಲ್ಲ. ಆಟೋಮ್ಯಾಟಿಕ್ ಐತಿ. ನಡಿಯುಮುಂದ ಸೆಲ್ ಉಳಸತೈತಿ."

ಗೋಣೆಪ್ಪ ಮಾವ ಎಲೆಯಡಿಕೆ ಉಗುಳಿ, "ಅಳಿಯಾ, ಹಿಂಗ ಹಚ್ಚಿ ಆರಸಿ ಮಾಡಬ್ಯಾಡ. ಚಿಗರಿ ಹೊಡಿಯೋರು ಒಬ್ಬರಿಗೊಬ್ಬರು ಹಿಂಗ ಲೈಟಿನ ಸನ್ನಿ ಮಾಡತಾರ," ಎಂದರು.

"ನಾ ಏನ್ ಚಿಗರಿ ಹೊಡಿಯಾಕ ಬಂದೇನೇನ್ ಮಾಮಾ?"

"ಅದನ್ನ ನನಗ ಹೇಳಿ ಏನ್ ಮಾಡ್ತಿ? ಅಕಾ ನೋಡು, ಬರಾಕತ್ತಾರ. ಅವರಿಗೆ ಹೇಳು."

ಬೈಕೊಂದು ಬಂದು ಬದುವಿನ ಹತ್ತಿರ ನಿಂತಿತು. ಇಳಿದವರು ಅರಣ್ಯ ರಕ್ಷಕ ಸಿದ್ದಲಿಂಗಪ್ಪ ಮತ್ತು ಅವರ ಜೊತೆಗಾರ.

"ಯಾರಿಗೆ ಸನ್ನಿ ಮಾಡಾಕತ್ತೀರಿ?" ಎಂದರು ಸಿದ್ದಲಿಂಗಪ್ಪ.

"ಯಾರಿಗೂ ಇಲ್ರಿ. ಅದು ಸೆಲ್ ಉಳಸಾಕತ್ತೈತಿ."

"ಕಿಸೇದಾಗ ಏನೈತಿ, ತಗೀರಿ."

ಕಿಸೆಯಲ್ಲಿ ಇನ್ನೇನಿರುತ್ತದೆ? ಒಂದು ಮುಷ್ಟಿ ಮೆಣಸಿನಕಾಯಿ ಹೊರಬಂತು.

"ಹೌದಾ? ನಮ್ಮ ಕಣ್ಣಿಗೆ ಖಾರ ಎರಚಾಕ ತಂದೀರೇನು?"

ಇಲ್ಲಿ ಬೇರೆ ಯಾರಾದರೂ ಕೈಮುಗಿಯುತ್ತಿದ್ದರು. ನಮ್ಮ ಮನೆಯವರಿಗೆ ಅವಮಾನವಾಯಿತು.

"ಏನ್ ಮಾತಂತ ಆಡತೀರಿ. ಇದು ಬ್ಯಾಡಗಿ ಡಬ್ಬಿ. ಬಣ್ಣ ನೋಡ್ರಿ ಇದರದು. ಖಾರ ಎಲ್ಲೈತಿ ಇದರಾಗ? ಎರಚಿದ್ರ ನಿಮಗ ಸೀನೂ ಬರೂದಿಲ್ಲ. ಬೇಕಾದ್ರ ಕೇಳ್ರಿ," ಎಂದು ಒಂದನ್ನು ಸಿದ್ದಲಿಂಗಪ್ಪನವರ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

ಸರ್ಕಾರಿ ನೌಕರನ ಕಿವಿಯಲ್ಲಿ ಮೆಣಸಿನಕಾಯಿ ಅಲುಗಾಡಿಸುವುದು ಯಾವ ಕಲಮಿನ ಕೆಳಗೆ ಬರುತ್ತದೋ ನನಗೆ ತಿಳಿಯದು. ಸಿದ್ದಲಿಂಗಪ್ಪನವರಿಗೂ ತಿಳಿಯಲಿಲ್ಲ. ಅವರು ಬಹಳ ನಿಧಾನವಾಗಿ, "ಈ ಲೈಟ್ ಯಾರದು?" ಎಂದು ಕೇಳಿದರು.

ನನ್ನ ಹಣೆಗೆ ಒಮ್ಮೆಯೂ ತಾಗದ ಆ ದೀಪವನ್ನು ನಮ್ಮ ಮನೆಯವರು ಆಗ ನನಗೆ ಒಪ್ಪಿಸಿದರು. "ಇಕೀದು ರೀ. ಅಮಾಸಿ ಕತ್ತಲಾಗ ಆ ಗುಡ್ಡ ಹತ್ತಾಕಿ. ಇನ್ನೂ ನಾಲ್ಕ ಮಂದಿ ಅದಾರ. ಕಾವೇರಿ ಮೇಡಂ ಅಂತ ಒಬ್ಬಾಕಿ. ಎಲ್ಲಾ ಆಕೀದ ಪ್ಲ್ಯಾನು."

ಯಾರೂ ಅವರಿಗೆ ಹೊಡೆದಿರಲಿಲ್ಲ. ಗದರಿಸಿಯೂ ಇರಲಿಲ್ಲ.

"ಅನುಮತಿಗೆ ಅರ್ಜಿ ಕೊಟ್ಟೇವ್ರಿ, ನಿಮ್ಮ ಸಾಹೇಬ್ರ ಮೇಜಿನ ಮ್ಯಾಲೇ ಐತಿ," ಎಂದೆ.

"ಹಂಗಾದ್ರ ನಾಳಿ ಅಲ್ಲೇ ಬರ್ರಿ, ಇಬ್ಬರೂ," ಎಂದು ಸಿದ್ದಲಿಂಗಪ್ಪ ದೀಪ ತೆಗೆದುಕೊಂಡು ಹೋದರು. ಮೆಣಸಿನಕಾಯಿ ಮಾತ್ರ ವಾಪಸು ಕೊಟ್ಟರು.

ಸುದ್ದಿ ನಮಗಿಂತ ಮೊದಲು ಹಾವೇರಿ ಮುಟ್ಟಿತ್ತು. ಕಟ್ಟೆಯ ಮೇಲೆ ರುದ್ರಮುನಿಯವರು ಯಾರಿಗೋ ಹೇಳುತ್ತಿದ್ದರು, "ದುರುಗೇಶ ಸಾಧು ಮನಷ್ಯಾ. ಹೆಂಡ್ತಿ ಸಲುವಾಗಿ ಸಿಕ್ಕೊಂಡಾನ." ನನ್ನನ್ನು ಕಂಡು, "ಬರ್ರಿ ಮೇಡಂ. ಚಿಗರಿ ಬ್ಯಾಟಿ ಮಂದಿ ಜೋಡಿ ಹೋಗಬಾರ್ದರಿ, ನೀವು ಓದಿದವರು," ಎಂದರು. ಸುಶ್ಮಿತಾ ಕಿಟಕಿಯನ್ನು ಸ್ವಲ್ಪ ತೆರೆದು ನನ್ನನ್ನು ನೋಡಿ ಮತ್ತೆ ಹಾಕಿದಳು. ಅತ್ತೆ ಮಗನಿಗೆ ದೃಷ್ಟಿ ತೆಗೆದರು, ಅದೂ ಅವರದ್ದೇ ಕಿಸೆಯ ಮೆಣಸಿನಕಾಯಿಯಿಂದ. ನನಗೆ, "ನಾ ಹೇಳಿದ್ದೆ. ಅಮಾಸಿ," ಎಂದರು.

ಆ ರಾತ್ರಿ ಕಾವೇರಿ ಮೇಡಂ ಫೋನ್ ಮಾಡಿದರು. ಅವರ ದನಿ ಮೈದಾನದ ದನಿಯಾಗಿರಲಿಲ್ಲ. "ನಾಗರತ್ನಾ ಮೇಡಂ, ಆಫೀಸಿನಿಂದ ಕೇಳಿದ್ರು. ವಿಚಾರಣೆ ಮುಗಿಯೂತನ ಅನುಮತಿ ಇಲ್ಲಂತ. ನಿಮ್ಮ ಹೆಸರು ತಗದ್ರ ಉಳಿದವರಿಗೆ ಕೊಡಬಹುದೇನೋ ಅಂದ್ರು."

"ತಗೀತೀರೇನು?"

"ನಾಳಿ ಸಂಜಿತನ ಕಾಯ್ತೇನಿ. ಅದಕ್ಕಿಂತ ಹೆಚ್ಚು ಕಾಯಾಕ ಬರೂದಿಲ್ಲ. ಆಮೇಲೆ ಅಮಾಸಿ ಹೋಗಿಬಿಡತೈತಿ."

ಮರುದಿನ ಕಚೇರಿಯಲ್ಲಿ ವಲಯ ಅರಣ್ಯಾಧಿಕಾರಿಗಳು ನಮ್ಮ ಮನೆಯವರ ಮಾತನ್ನು ಪೂರ್ತಿ ಕೇಳಿದರು. ಅಷ್ಟು ತಾಳ್ಮೆ ನಾನು ಅನೇಕ ವರ್ಷಗಳಿಂದ ಯಾರಲ್ಲೂ ನೋಡಿಲ್ಲ. ಕೇಳಿ, ದೀಪವನ್ನು ಮೇಜಿನ ಮೇಲಿಟ್ಟು, "ತಾನ ಆರತೈತಿ ಅಂತೀರಿ. ಹಚ್ಚಿ ತೋರಸ್ರಿ," ಎಂದರು.

ಮನೆಯವರು ಕಟ್ಟಿಕೊಂಡು, ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹಾಗೆ ನಿಂತು, ಹಚ್ಚಿದರು. ದೀಪ ಉರಿಯಿತು. ಉರಿಯುತ್ತಲೇ ಇತ್ತು. ಗರ್ಭಗುಡಿಯ ನಂದಾದೀಪವೂ ಅಷ್ಟು ಸ್ಥಿರವಾಗಿ ಉರಿಯುವುದಿಲ್ಲ. ಸಾಹೇಬರು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಆರವಲ್ಲದು," ಎಂದರು.

"ನಿನ್ನಿ ಆರಿತ್ರಿ ಸರ್."

"ನಿನ್ನಿ ನೀವು ಆರಸೀರಿ. ಹಂಗಂತ ನಮ್ಮ ಹುಡುಗ್ರು ಹೇಳಾಕತ್ತಾರ."

"ಚಲೋ ದೀಪಾರಿ ಅದು. ನಾನ ಆರಿಸಿ ತಗೊಂಡದ್ದು. ಕೆಟ್ಟಿಲ್ಲ." ಬಿಡುಗಡೆಯ ಬಾಗಿಲು ತೆರೆದಿರುವಾಗ ಅದರ ಚಿಲಕ ತಾವೇ ಹಾಕಿಕೊಳ್ಳುವ ಮನುಷ್ಯ ನನ್ನ ಕಣ್ಣೆದುರಿಗೆ ಹತ್ತು ಸಾವಿರ ಲ್ಯೂಮೆನ್‌ನಲ್ಲಿ ಬೆಳಗುತ್ತಿದ್ದರು.

ನಾನು ಎದ್ದೆ. ಅವರ ತಲೆಯಿಂದ ಅದನ್ನು ಕಿತ್ತುಕೊಂಡೆ. ಮಫ್ಲರೂ ಜೊತೆಗೇ ಬಂತು.

"ತಡಿ," ಎಂದರು.

"ತಡಿಯೂದಿಲ್ಲ."

ಕಟ್ಟಿಕೊಂಡೆ. ಅವರ ತಲೆಗೆ ಹೊಂದಿಸಿದ ಪಟ್ಟಿ ನನ್ನ ಹಣೆಯಿಂದ ಜಾರಿ ಮೂಗಿನ ಮೇಲೆ ಕುಳಿತಿತು. ಒಂದು ಕೈಯಿಂದ ಅದನ್ನು ಎತ್ತಿ ಹಿಡಿದು, ಗುಡ್ಡ ಹತ್ತುವವರ ಹಾಗೆ ಕಾಲೆತ್ತಿ ಆ ಕೋಣೆಯಲ್ಲಿ ನಡೆದೆ. ಒಂದು ಹೆಜ್ಜೆಗೆ ಆರಿತು. ಮುಂದಿನದಕ್ಕೆ ಹೊತ್ತಿತು. ಕಪಾಟಿನವರೆಗೆ ಹೋದೆ, ಬಾಗಿಲವರೆಗೆ ಬಂದೆ. ಹೊತ್ತಿತು, ಆರಿತು, ಗಲಗಲ ಎಂದಿತು. ವರಾಂಡದಲ್ಲಿದ್ದವರು ಬಾಗಿಲಲ್ಲಿ ಸೇರಿದರು. ಸಾಹೇಬರ ಮೇಜಿನ ಮುಂದೆ ನಿಂತು ಸೆಲ್‌ಪೆಟ್ಟಿಗೆ ಬಿಚ್ಚಿ ತೋರಿಸಿದೆ. ಸೆಲ್ಲು ತನ್ನ ಗೂಡಿನಲ್ಲಿ ಜೋಕಾಲಿ ಆಡುತ್ತಿತ್ತು.

"ಇದು ಸನ್ನಿ ಅಲ್ರಿ ಸರ್. ಸೆಲ್ ಸಡ್ಲ ಐತಿ. ನಮ್ಮ ಮನಿಯವ್ರು ಇದನ್ನ ಮೆಣಸಿನಕಾಯಿ ಅಂತ ತಿಳಕೊಂಡು ಆರಿಸಿ ತಂದ್ರು. ನಿಂತ್ರ ಉರಿತೈತಿ, ನಡದ್ರ ಆರತೈತಿ. ನಡಿಯೋರಿಗೆ ಇದು ಬ್ಯಾಡ ಅಂತ ನಾ ಮೊದಲ ಹೇಳಿದ್ದೆ. ಕೇಳೋರು ಎಲ್ಲಾರೂ ನಿಂತೋರ ಇದ್ರು."

ಸಾಹೇಬರು ಸೆಲ್ಲನ್ನು ನೋಡಿದರು, ನಮ್ಮ ಮನೆಯವರನ್ನು ನೋಡಿದರು, ಮತ್ತೆ ಸೆಲ್ಲನ್ನು ನೋಡಿದರು. "ಕಾಡಿನ ಹತ್ರ ಇದನ್ನ ಮತ್ತ ಹಚ್ಚಬ್ಯಾಡ್ರಿ," ಎಂದು ದೀಪ ವಾಪಸು ಕೊಟ್ಟರು. ಮನೆಯವರು ಮೆಣಸಿನಕಾಯಿಯ ಕಿಸೆಯ ಮೇಲೆ ಆಣೆಯಿಡುವವರಂತೆ ಕೈಯಿಟ್ಟು ಹಚ್ಚುವುದಿಲ್ಲವೆಂದರು. ಸಾಹೇಬರು ಅರ್ಜಿಯನ್ನು ಮುಂದೆ ಎಳೆದುಕೊಂಡು ಪೆನ್ನು ತೆಗೆದವರು ತಡೆದರು.

"ಐದೂ ಮಂದಿ ಹೆಣ್ಮಕ್ಕಳು. ಒಬ್ಬರು ಜವಾಬ್ದಾರಿ ಗಂಡಸರು ಜೋಡಿಗಿದ್ರ ಚಲೋ ಇತ್ತು."

ನಮ್ಮ ಮನೆಯವರು ಎದೆ ಮುಂದೆ ಮಾಡಿದರು. "ನಾ ಬರತೇನ್ರಿ ಸರ್."

"ಇವರು ಬಂದ್ರ ಇವರನ್ನ ಕಾಯಾಕ ಇನ್ನೊಬ್ಬರು ಬೇಕಾಗತಾರ," ಎಂದೆ. "ಜವಾಬ್ದಾರಿ ಇದ್ದವರನ್ನ ಕಳಸೂದಾದ್ರ ನಿಮ್ಮವರನ್ನ ಕಳಸ್ರಿ."

ಮೊದಲು ನಕ್ಕದ್ದು ಬಾಗಿಲಲ್ಲಿದ್ದ ಸಿದ್ದಲಿಂಗಪ್ಪ. ನಕ್ಕ ತಪ್ಪಿಗೆ ಅವರನ್ನೇ ನಮ್ಮ ಜೊತೆ ಹಾಕಿ ಸಾಹೇಬರು ಸಹಿ ಮಾಡಿದರು.

ಅಲ್ಲಿಂದ ನಾನು ಸೀದಾ ಬ್ಯಾಡಗಿಗೆ ಹೋದೆ. ಫಿರೋಜ್‌ನ ಅಂಗಡಿಯಲ್ಲಿ ಹಸೀದು ಎನ್ನಿಸಿಕೊಂಡ ಆ ಬಿಳಿ ದೀಪ ಇನ್ನೂ ಇತ್ತು. ಹಣೆಗೆ ಕಟ್ಟಿಕೊಂಡು, ಅಂಗಡಿಯ ಮುಂದೆ ನಡೆದು, ಕುಣಿದು, ಬಗ್ಗಿ ನೋಡಿದೆ. ಅದು ಆರಲೂ ಇಲ್ಲ, ಉಸಿರೆತ್ತಲೂ ಇಲ್ಲ. "ಅಕ್ಕಾರ, ಅಣ್ಣಾರನ್ನ ಒಂದ್ಮಾತ್ ಕೇಳೂದಿಲ್ಲೇನ್ರಿ?" ಎಂದ ಫಿರೋಜ್. ನಾನು ಅವನನ್ನು ನೋಡಿದೆ. ಅವನು ಬೇಗ ಬೇಗ ಚೀಲಕ್ಕೆ ಹಾಕಿಕೊಟ್ಟ.

ಗುಡ್ಡಕ್ಕೆ ಹೊರಟ ದಿನ ಮನೆಯವರು, ತಾವು ಹಾವೇರಿಯಲ್ಲೇ ಇರುವುದಾಗಿ, ಊಟ ಮಾಡಿ ಮಲಗುವುದಾಗಿ, ತಾವಾಗಿಯೇ ಹೇಳಿದರು. ಕೇಳದೆ ಹೇಳಿದ ಮಾತನ್ನು ನಾನು ನಂಬುವುದಿಲ್ಲ. ಆದರೂ ಹತ್ತಿದೆ. ಮುಂದೆ ಸಿದ್ದಲಿಂಗಪ್ಪ, ಅವರ ಹಿಂದೆ ಕಾವೇರಿ ಮೇಡಂ, ನಡುವೆ ನಾನು. ಬೆಳಕು ನನ್ನ ಕಾಲಿಗೆ ಬೇಕಾದಷ್ಟೇ ಬಿದ್ದಿತ್ತು, ಕಲ್ಲು ಕಲ್ಲಾಗಿ, ಮುಳ್ಳು ಮುಳ್ಳಾಗಿ ಕಾಣುತ್ತಿತ್ತು. ಅರ್ಧ ಗುಡ್ಡದ ಮೇಲೆ ಬಂಡೆಯೊಂದರ ಹತ್ತಿರ ನಿಂತು ಎಲ್ಲರೂ ದೀಪ ಆರಿಸಿದೆವು. ಆಕಾಶ ಕೆಳಗೆ ಬಂದಿತ್ತು, ನಾವು ಕತ್ತೆತ್ತಿ ನೋಡುತ್ತ ನಿಂತೆವು.

ಸಿದ್ದಲಿಂಗಪ್ಪನವರು ಮಾತ್ರ ಕೆಳಗೆ ನೋಡುತ್ತಿದ್ದರು. ಗೋಣೆಪ್ಪ ಮಾವನ ಹೊಲದ ಕಡೆ ಒಂದು ಬೆಳಕು ಹೊತ್ತಿತು. ಆರಿತು. ಹೊತ್ತಿತು. ಬದುವಿನ ಆ ತುದಿಯಿಂದ ಈ ತುದಿಗೆ ಬಂತು, ಮತ್ತೆ ತಿರುಗಿ ಹೋಯಿತು. ಸಮಾಧಾನವಿಲ್ಲದ ಯಾರೋ ಅಲ್ಲಿ ಶತಪಥ ತಿರುಗುತ್ತಿದ್ದರು.

"ಯಾರೋ ಸನ್ನಿ ಮಾಡಾಕತ್ತಾರ," ಎಂದು ಸಿದ್ದಲಿಂಗಪ್ಪ ಫೋನು ತೆಗೆದು, ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮ ಮನಿಯವ್ರಲ್ಲೇನ್ರಿ?"

ನಾನು ಚೆನ್ನಾಗಿ ನೋಡಿದೆ.

"ಭಾಳ ದೂರ ಐತ್ರಿ," ಎಂದೆ. "ಮುಖ ಕಾಣವಲ್ಲದು. ಗುರುತು ಸಿಗದವರ ಬಗ್ಗೆ ನಾ ಹೆಂಗ ಹೇಳ್ಲಿ? ನಮ್ಮ ಮನಿಯವ್ರು ಉಂಡು ಹಾವೇರ್ಯಾಗ ಮಲಗ್ಯಾರ. ನೀವು ವಿಚಾರಸ್ರಿ."

ಕಾವೇರಿ ಮೇಡಂ ಕೆಮ್ಮಿದರು. ಸಿದ್ದಲಿಂಗಪ್ಪ ಕೆಳಗಿನವರಿಗೆ ಫೋನ್ ಮಾಡಿದರು. ಸ್ವಲ್ಪ ಹೊತ್ತಿಗೆ ರಸ್ತೆಯ ಕಡೆಯಿಂದ ಬೈಕಿನ ಬೆಳಕೊಂದು ಹೊಲದತ್ತ ತಿರುಗಿತು. ನಾನು ಕೆಂಪು ದೀಪ ಹಚ್ಚಿಕೊಂಡು ಮುಂದಿನ ಬಂಡೆಗೆ ಕಾಲಿಟ್ಟೆ. ಅವರನ್ನು ಬಿಡಿಸಿಕೊಂಡು ಬರಲು ಬೆಳಿಗ್ಗೆ ಹೇಗೂ ಇಳಿಯಬೇಕಲ್ಲ.